ಖಾಲಿ ಚೌಕಗಳು

ಹೆಂಡತಿ ಮಾತನಾಡುತ್ತಿದ್ದಾಗ ತನ್ನ ಬಲಗೈ ಹೆಬ್ಬೆರಳು ಮೇಜಿನ ಅಂಚನ್ನು ಒತ್ತುತ್ತಿರುವುದು ಅವನ ಗಮನಕ್ಕೆ ಬಂತು. ಒತ್ತುವುದು, ಬಿಡುವುದು, ಮತ್ತೆ ಒತ್ತುವುದು. ನೀರಿನ ಟ್ಯಾಂಕು ತೊಳೆಯುವವನು ಈ ಸಲವೂ ಕೈಕೊಟ್ಟದ್ದನ್ನು ಅವಳು ಹೇಳುತ್ತಿದ್ದಳು. ಅವನು ಬರುತ್ತೇನೆಂದದ್ದು, ಇವಳು ಕಾದದ್ದು, ಫೋನು ಮಾಡಿದರೆ ಅವನ ತಮ್ಮ ಎತ್ತಿದ್ದು, ತಮ್ಮನಿಗೆ ಏನೂ ಗೊತ್ತಿಲ್ಲದ್ದು, ಎಲ್ಲವನ್ನೂ ಅದರದರ ಜಾಗದಲ್ಲಿಟ್ಟು, ನಡುವೆ ಲೋಟ ಎತ್ತಿ ಒಂದು ಗುಟುಕು ಚಹಾ ಕುಡಿದು, ಲೋಟ ಇಳಿಸಿ ಮುಂದುವರಿಯುತ್ತಿದ್ದಳು. ಅವಳು ಲೋಟ ಎತ್ತಿದಾಗಲೆಲ್ಲ ಇವನ ಹೆಬ್ಬೆರಳು ಇನ್ನಷ್ಟು ಜೋರಾಗಿ ಒತ್ತುತ್ತಿತ್ತು. ರಿಮೋಟಿನಲ್ಲಿ ವೇಗ ಹೆಚ್ಚಿಸುವ ಗುಂಡಿ ಇರುವುದು ಸರಿಯಾಗಿ ಆ ಬೆರಳಿನ ಕೆಳಗೇ. ಅದು ಹೊಳೆದಾಗ ನಾಚಿಕೆಯಾಗಿ ಅವನು ಕೈಯನ್ನು ಮೇಜಿನ ಕೆಳಗೆ ತೊಡೆಯ ಮೇಲಿಟ್ಟುಕೊಂಡ. ಅಲ್ಲೂ ಅದು ಸುಮ್ಮನಿರಲಿಲ್ಲ.

"ಬೇರೆಯವನನ್ನ ಕರೆಸು," ಎಂದ.

"ನಾನಿನ್ನೂ ಹೇಳಿ ಮುಗಿಸಿಲ್ಲ," ಎಂದಳು ಅವಳು. "ಬೇರೆಯವನನ್ನ ಕರೆಸಿ ಆಯ್ತು. ಬಂದು ತೊಳೆದೂ ಹೋದ. ಅದನ್ನೇ ಹೇಳೋಕೆ ಹೊರಟಿದ್ದು."

ಮುಗಿಯುವ ಮೊದಲೇ ಮುಗಿಸಿಬಿಡುವುದು ಅವನ ಕಸುಬು. ಪತ್ರಿಕೆಯ ಶುಕ್ರವಾರದ ಪುರವಣಿಯಲ್ಲಿ 'ಈ ವಾರ' ಎಂಬ ಪುಟ ಅವನದು. ಆ ವಾರ ಹೊಸದಾಗಿ ಬರುವ ಧಾರಾವಾಹಿ, ಹಾಡು, ಕಾಮಿಕ್ಸ್, ಸಿನಿಮಾ, ಎಲ್ಲಕ್ಕೂ ಒಂದೊಂದು ಕಾಲಂ, ಪ್ರತಿಯೊಂದರ ಬಗ್ಗೆಯೂ ನಾಲ್ಕಾರು ಸಾಲಿನ ಟಿಪ್ಪಣಿ. ಕಚೇರಿಯಲ್ಲಿ ಅವನನ್ನು ಶುಕ್ರವಾರ ಎಂದೇ ಕರೆಯುತ್ತಿದ್ದರು. 'ಶುಕ್ರವಾರ ಊಟಕ್ಕೆ ಹೋದ್ರಾ?' 'ಶುಕ್ರವಾರಕ್ಕೆ ನೆಗಡಿಯಂತೆ.' ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ನೋಡುತ್ತಿದ್ದ, ಕೊನೆಯಲ್ಲಿ ಬರುವ ಹೆಸರುಗಳನ್ನೂ ಬಿಡದೆ. ಆಮೇಲೆ ಎಲ್ಲಿಂದಲೋ ಪ್ರವಾಹ ಬಂದಂತೆ ಬಿಡುಗಡೆಗಳು ಬರತೊಡಗಿದವು. ಒಂದು ವಾರದಲ್ಲಿ ಬಂದದ್ದನ್ನು ನೋಡಲು ಒಂದು ವಾರ ಸಾಲದಾಯಿತು. ಆಗ ಆ ಗುಂಡಿ ಸಿಕ್ಕಿತು. ಮೊದಲು ಒಂದೂಕಾಲು ಪಟ್ಟು, ಅದು ಒಗ್ಗಿದ ಮೇಲೆ ಒಂದೂವರೆ, ಈಗ ಎರಡು ಪಟ್ಟಿಗಿಂತ ಕೆಳಗಿನದು ಯಾವುದೂ ಅವನಿಗೆ ಹಿಡಿಸುತ್ತಿರಲಿಲ್ಲ. ಆ ವೇಗದಲ್ಲಿ ಅಳುವವರು ಬಿಕ್ಕಳಿಕೆ ಬಂದವರಂತೆ ಕಾಣುತ್ತಿದ್ದರು, ಸಾಯುವವರು ಎಡವಿದವರಂತೆ. ಪ್ರೇಮಿಗಳು ಒಬ್ಬರನ್ನೊಬ್ಬರು ನೋಡುತ್ತ ನಿಲ್ಲುವುದು ಎಂಬುದೇ ಇರಲಿಲ್ಲ, ನೋಡಿದ ಕೂಡಲೇ ಮದುವೆಯಾಗಿಬಿಡುತ್ತಿದ್ದರು. ಒಮ್ಮೆ ಯಾವುದೋ ಸಮಾರಂಭದಲ್ಲಿ ದೊಡ್ಡ ನಟನೊಬ್ಬ ತಾನೇ ಹತ್ತಿರ ಬಂದು ಕೈಕುಲುಕಿ ಮಾತನಾಡಿಸಿದ. ಅವನ ಒಂದೊಂದು ಮಾತೂ ಎಳೆದೆಳೆದು ಬರುತ್ತಿದ್ದುದನ್ನು ಕೇಳಿ ಪಾಪ, ಇವನಿಗೇನೋ ಕಾಯಿಲೆಯಿರಬೇಕು ಅಂದುಕೊಂಡು, 'ಆರೋಗ್ಯ ನೋಡ್ಕೊಳಿ' ಎಂದು ಹೇಳಿ ಬಂದಿದ್ದ.

ಹೋದ ತಿಂಗಳಿನದು ಮಾತ್ರ ನಗುವ ವಿಷಯವಾಗಿರಲಿಲ್ಲ. ಒಬ್ಬ ಹೊಸ ನಿರ್ದೇಶಕನ ಸಿನಿಮಾಕ್ಕೆ ಅವನು 'ಚುರುಕಾದ ನಿರೂಪಣೆ, ಎಲ್ಲೂ ನಿಲ್ಲದ ಓಟ' ಎಂದು ಬರೆದಿದ್ದ. ಪತ್ರಿಕೆ ಬಂದ ಬೆಳಿಗ್ಗೆಯೇ ಆ ನಿರ್ದೇಶಕ ಫೋನು ಮಾಡಿದ. "ಸರ್, ಇಡೀ ಸಿನಿಮಾದಲ್ಲಿ ಒಬ್ಬ ಮುದುಕ ಒಂದು ಕಿಟಕಿ ರಿಪೇರಿ ಮಾಡ್ತಾನೆ. ಅಷ್ಟೇ ಇರೋದು. ಗೇಲಿ ಮಾಡೋದಾದ್ರೆ ನೇರವಾಗಿ ಮಾಡಿ ಸರ್, ಬೇಜಾರಿಲ್ಲ." ಗೇಲಿಯಲ್ಲ ಎನ್ನಲು ಇವನು ಬಾಯಿ ತೆರೆದ. ಗೇಲಿಯಲ್ಲದಿದ್ದರೆ ಮತ್ತೇನು ಎಂಬ ಪ್ರಶ್ನೆ ಅದರ ಹಿಂದೆಯೇ ನಿಂತಿತ್ತು. ಬಾಯಿ ಮುಚ್ಚಿಕೊಂಡ. ಗೇಲಿ ಎಂದೇ ಇರಲಿ, ನಿಜಕ್ಕಿಂತ ಅದೇ ಮರ್ಯಾದೆ ಎನಿಸಿತು. ಕ್ಯಾಂಟೀನಿನಲ್ಲಿ ಒಂದಷ್ಟು ದಿನ ಅವನಿಗೆ ಚಹಾ ಕೊಡುವಾಗ 'ಚುರುಕಾಗಿ ಕುಡೀರಿ, ಎಲ್ಲೂ ನಿಲ್ಲಿಸಬೇಡಿ' ಎಂದು ಯಾರಾದರೂ ಹೇಳುವರು, ಉಳಿದವರು ನಗುವರು, ಅವನೂ ನಗುವನು. ನಗುವಾಗ ಕಿವಿ ಬಿಸಿಯಾಗುತ್ತಿತ್ತು.

"ಮಗಳು ಇವತ್ತು ಸಾಯಂಕಾಲ ಬರ್ತಾಳೆ," ಎಂದಳು ಹೆಂಡತಿ. ಟ್ಯಾಂಕಿನ ವಿಷಯ ಯಾವಾಗ ಮುಗಿದಿತ್ತೋ. "ರಾತ್ರಿ ಇಲ್ಲೇ ಉಳ್ಕೊಂಡು ನಾಳೆ ಸೀದಾ ಪುಸ್ತಕದಂಗಡಿಗೆ ಹೋಗ್ತಾಳಂತೆ, ಅವಳ ಪುಸ್ತಕ ನಾಳೆಯಿಂದ ಮಾರಾಟಕ್ಕಲ್ವಾ. ನೀವು ಅದನ್ನ ಓದಿ ಆಯ್ತು ತಾನೆ?"

"ಆಗ್ತಾ ಬಂತು," ಎಂದು ಅವನು ಎದ್ದ.

ಆಗ್ತಾ ಬಂದಿರಲಿಲ್ಲ, ಶುರುವೇ ಆಗಿರಲಿಲ್ಲ. ಮಗಳ ಪುಸ್ತಕ ಅವನ ಕೋಣೆಯ ಕಪಾಟಿನಲ್ಲಿ, ಈ ವಾರದ ಉಳಿದ ಸರಕಿನ ಕೆಳಗೆ, ಬೆನ್ನು ತೋರಿಸಿ ಮಲಗಿತ್ತು. 'ಬೆಕ್ಕು ಕಂಡ ಮನೆ'. ಅವಳ ಮೊದಲ ಕಾಮಿಕ್ಸ್ ಪುಸ್ತಕ. ಅಚ್ಚಾಗಿ ಬಂದ ದಿನವೇ ಮೊದಲ ಪ್ರತಿಯನ್ನು ತಂದು ಅವನ ಕೈಯಲ್ಲಿಟ್ಟು, "ಅಪ್ಪ, ಇದನ್ನ ಮಾತ್ರ ನಿಧಾನವಾಗಿ ಓದು," ಎಂದಿದ್ದಳು. ಆ 'ಇದನ್ನ ಮಾತ್ರ' ಎಂಬುದು ಅಂದಿನಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ ಅವನನ್ನು ಕಾಡುತ್ತಿತ್ತು. ಸಮಯವಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಸಮಯವಲ್ಲ, ಹೆದರಿಕೆ. ಮುಖಪುಟದಲ್ಲಿದ್ದ ಮನೆ ತಮ್ಮದೇ ಮನೆ ಎಂಬುದು ಒಂದು ನೋಟಕ್ಕೆ ಗೊತ್ತಾಗುತ್ತಿತ್ತು. ಅದೇ ಮೆಟ್ಟಿಲು, ಅದೇ ಬಾಗಿದ ಮಳೆನೀರಿನ ಕೊಳವೆ. ಮನೆಯಿದ್ದ ಮೇಲೆ ಮನೆಯ ಯಜಮಾನನೂ ಒಳಗಿರಬೇಕಲ್ಲ. ವಾರಕ್ಕೆ ಎಷ್ಟೋ ಜನರನ್ನು ನಾಲ್ಕು ಸಾಲಿನಲ್ಲಿ ಮುಗಿಸುವವನಿಗೆ ತನ್ನನ್ನು ಯಾರೋ ಗೆರೆಗಳಲ್ಲಿ ಮುಗಿಸಿರಬಹುದು ಎಂದು ಹೊಳೆದಾಗಲೆಲ್ಲ ಕೈ ಆ ಪುಸ್ತಕ ಬಿಟ್ಟು ಬೇರೆಯದಕ್ಕೆ ಹೋಗುತ್ತಿತ್ತು. ಮೂಗು ದೊಡ್ಡದು ಮಾಡಿರುತ್ತಾಳೆಯೇ? ಸಿಡುಕುವ ಅಪ್ಪನೇ? ಅದಾದರೂ ಪರವಾಗಿಲ್ಲ, ಅವನು ಸಿಡುಕಿದ್ದು ಕಡಿಮೆ. ಸಿಡುಕುವುದಕ್ಕೂ ಎದುರಿಗಿರಬೇಕಾಗುತ್ತದೆ.

ಇವತ್ತು ಪುಟ ಹೋಗಬೇಕು. ಕಾಮಿಕ್ಸ್ ಕಾಲಮಿನಲ್ಲಿ ಈ ವಾರ ಬೇರೆ ಪುಸ್ತಕವೇ ಇರಲಿಲ್ಲ; ಬಿಟ್ಟರೆ ಬೋಳು ಜಾಗ. ಸಾಯಂಕಾಲ ಅವಳು ಬಂದು 'ಓದಿದ್ಯಾ ಅಪ್ಪ' ಎಂದು ಕೇಳುತ್ತಾಳೆ. ಆಗ ಮುಖ ತಿರುಗಿಸದೆ 'ಓದಿದೆ' ಎನ್ನಲು ಆಗಬೇಕು. ಅವನಿಗೆ ಬೇಕಾಗಿದ್ದುದು ಅಷ್ಟೇ, ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಕೋಣೆಗೆ ಹೋಗಿ ಅಭ್ಯಾಸಬಲದಿಂದ ಬಾಗಿಲು ಹಾಕಿಕೊಂಡ, ಅಭ್ಯಾಸಬಲದಿಂದಲೇ ಹೆಡ್‌ಫೋನು ಕಿವಿಗೇರಿಸಿದ, ಪುಸ್ತಕಕ್ಕೆ ಅದೇಕೆ ಎಂದು ಹೊಳೆದು ತೆಗೆದಿಟ್ಟ.

ಮೊದಲ ಸಲ ಅವನು ತನ್ನನ್ನು ಹುಡುಕುತ್ತ ಹಾಳೆ ಮಗುಚಿದ. ಕಪ್ಪು ಶಾಯಿಯ ಚಿತ್ರಗಳು, ಮಾತು ಬಹಳ ಕಡಿಮೆ. ಒಂದು ಬೆಕ್ಕು ಮನೆಗೆ ಬರುತ್ತದೆ, ಒಬ್ಬ ಹುಡುಗಿ ಅದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಳ್ಳುತ್ತಾಳೆ, ಅಮ್ಮನಿಗೆ ಸಿಕ್ಕಿಬೀಳುತ್ತಾಳೆ. ಅಮ್ಮನ ಕೋಪದ ಮುಖ ನೋಡಿ ಅವನಿಗೆ ನಗು ಬಂತು. ಹೆಂಡತಿಯನ್ನು ಅಷ್ಟು ಸರಿಯಾಗಿ ಹಿಡಿದಿದ್ದಳು. ಮುಂದಿನ ಹಾಳೆ, ಮುಂದಿನದು. ಹುಡುಗಿ ದೊಡ್ಡವಳಾಗುತ್ತಾಳೆ, ಬೆಕ್ಕು ದಪ್ಪವಾಗುತ್ತದೆ, ಅಡುಗೆಮನೆ, ಮಹಡಿ, ಒಣಗಿದ ಬಟ್ಟೆಯ ಬುಟ್ಟಿಯೊಳಗೆ ನಿದ್ದೆ. ಅಲ್ಲಲ್ಲಿ ಒಂದು ಮುಚ್ಚಿದ ಬಾಗಿಲಿನ ಚೌಕ ಬರುತ್ತಿತ್ತು, ಬಾಗಿಲಿನ ಕೆಳಗೆ ಒಂದು ಹಳದಿ ಗೆರೆ, ಮುಂದೆ ಬೆನ್ನು ಮಾಡಿ ಕೂತ ಬೆಕ್ಕು. ಇಡೀ ಪುಸ್ತಕದಲ್ಲಿ ಬಣ್ಣವೆಂದರೆ ಅದೊಂದೇ. ಅಧ್ಯಾಯ ಬೇರೆ ಮಾಡಲು ಹಾಕಿರಬೇಕು ಎಂದುಕೊಂಡು ಅವನು ಆ ಚೌಕಗಳನ್ನು ದಾಟುತ್ತ ಹೋದ. ಕೊನೆಯ ಹಾಳೆಗೆ ಬಂದಾಗ ಅವನು ಎಲ್ಲೂ ಇರಲಿಲ್ಲ. ಮತ್ತೆ ಹಿಂದಿನಿಂದ ಮುಂದಕ್ಕೆ ತಿರುವಿದ. ಊಟದ ಮೇಜಿನಲ್ಲಿ ಅಮ್ಮ, ಮಗಳು, ಮೂರನೇ ಕುರ್ಚಿಯಲ್ಲಿ ಬೆಕ್ಕು. ಇಲ್ಲ. ಮೂಗೂ ಇಲ್ಲ, ಸಿಡುಕೂ ಇಲ್ಲ.

ಎದೆಯ ಮೇಲಿನ ಭಾರ ಇಳಿದಂತಾಯಿತು. ಕುರ್ಚಿಗೆ ಒರಗಿ ನಿಟ್ಟುಸಿರು ಬಿಟ್ಟ. ಬಿಟ್ಟ ಉಸಿರು ಪೂರ್ತಿ ಹೊರಗೆ ಹೋಗುವ ಮೊದಲೇ ಇನ್ನೊಂದು ಏನೋ ಒಳಗೆ ಬಂತು. ಒಂದು ಮೂಲೆಯಲ್ಲಾದರೂ ಹಾಕಬಹುದಿತ್ತಲ್ಲ. ಪತ್ರಿಕೆ ಓದುವವನಾಗಿ, ಬೆನ್ನು ಮಾಡಿ ನಿಂತವನಾಗಿ. ಇವಳ ಕಾಲೇಜಿನ ಶುಲ್ಕ, ಬಣ್ಣ, ಕುಂಚ, ಎಲ್ಲ ಎಲ್ಲಿಂದ ಬಂತು, ಬೆಕ್ಕು ದುಡಿದು ತಂದಿತೇ? ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆ ಬೆಕ್ಕು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಾಹೇಬರು ಎಂದು ಅದರ ಹೆಸರು, ಸೋಫಾದ ಮೇಲೆ ಕಾಲು ಮಡಚಿ ಕೂತಾಗಿನ ಠೀವಿ ನೋಡಿ ಅವನೇ ಇಟ್ಟದ್ದು. ಮನೆಯಲ್ಲಿ ಎಲ್ಲರೂ ಅದಕ್ಕೆ ಬಹುವಚನವೇ. 'ಸಾಹೇಬರು ಊಟ ಮಾಡಿದ್ರಾ?' 'ಸಾಹೇಬರಿಗೆ ಇವತ್ತು ಮೂಡ್ ಇಲ್ಲ.' ಒಂದು ದಿನ ಕೋಣೆಯಿಂದ ಹೊರಗೆ ಬಂದು ಖಾಲಿ ಸೋಫಾ ನೋಡಿ, "ಸಾಹೇಬರು ಎಲ್ಲಿ?" ಎಂದು ಕೇಳಿದ್ದ. ಮಗಳು ಊಟ ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. "ಸಾಹೇಬರು ಹೋದ್ರು ಅಪ್ಪ. ಹೋದ ವಾರ." "ಎಲ್ಲಿಗೆ?" ಎಂದಿದ್ದ ಅವನು. ಆ 'ಎಲ್ಲಿಗೆ' ಎಂಬ ಮಾತು ನೆನಪಾದಾಗಲೆಲ್ಲ ಅವನು ನಾಲಿಗೆ ಕಚ್ಚಿಕೊಳ್ಳುತ್ತಿದ್ದ, ಬಸ್ಸಿನಲ್ಲಿ, ಸ್ನಾನದ ಮನೆಯಲ್ಲಿ, ಸಿನಿಮಾ ನೋಡುವಾಗ. ಹೋದ ವಾರದ್ದು ಯಾವುದೂ ಅವನ ಪುಟದಲ್ಲಿ ಇರುತ್ತಿರಲಿಲ್ಲ.

ಕಚೇರಿಯಲ್ಲಿ ಪುರವಣಿಯ ಮೇಜಿನ ಸುತ್ತ ಎಂದಿನ ಗುರುವಾರದ ಗಡಿಬಿಡಿ. ಪುಟ ಕಟ್ಟುವ ಹುಡುಗಿ ಎರಡು ಕಿವಿಗೂ ಪೆನ್ನು ಸಿಕ್ಕಿಸಿಕೊಂಡು ಪರದೆಯನ್ನು ನುಂಗುವಂತೆ ನೋಡುತ್ತಿದ್ದಳು. ಪುರವಣಿ ಮಧ್ಯಾಹ್ನವೇ ಅಚ್ಚಿಗೆ ಹೋಗುತ್ತದೆ, ಸುದ್ದಿಯ ಪುಟಗಳಿಗಿಂತ ಎಷ್ಟೋ ಮೊದಲು. ಅವನು ಧಾರಾವಾಹಿಗಳನ್ನು ಮುಗಿಸಿದ: ಲಿಫ್ಟಿನಲ್ಲಿ ಸಿಕ್ಕಿಕೊಂಡ ವಕೀಲರದೊಂದು, ಅವಳಿ ಅತ್ತೆಯರದೊಂದು. ಅಡುಗೆಮನೆಯ ಸದ್ದುಗಳ ನಡುವೆಯೇ ಹಾಡಿ ಮುದ್ರಿಸಿದ ಒಬ್ಬ ಗಾಯಕಿಯ ಆಲ್ಬಮ್ಮಿಗೆ 'ಆಪ್ತ' ಎಂದು ಬರೆದ. ಪ್ರತಿ ವಾರ ಯಾವುದಾದರೊಂದಕ್ಕೆ 'ಆಪ್ತ' ಎನ್ನುತ್ತಿದ್ದ. ಮೂರನೇ ಭಾಗಕ್ಕೆ ಬಂದ ಒಂದು ಸಾಹಸ ಸಿನಿಮಾಕ್ಕೆ 'ಅಭಿಮಾನಿಗಳಿಗೆ ಹಬ್ಬ'. ಬೆರಳುಗಳು ಅವನನ್ನು ಕೇಳದೆಯೇ ಬರೆಯುತ್ತಿದ್ದವು. ಕಾಮಿಕ್ಸಿಗೆ ಬಂದಾಗ ನಿಂತವು. ಸಂಪಾದಕರು ಅದೇ ಹೊತ್ತಿಗೆ ಹಿಂದಿನಿಂದ ಬಂದು ಅವನ ಕುರ್ಚಿಯ ಬೆನ್ನು ಹಿಡಿದು ನಿಂತರು. ಅವರದು ಯಾರಿಗೂ ನೋವಾಗದಂತೆ ಕತ್ತು ಹಿಸುಕುವ ದನಿ.

"ಮಗಳ ಪುಸ್ತಕ ಅಲ್ವಾ ಇದು? ಬಿಡೋದು ಬೇಡ, ಹಾಕಿ. ಆದರೆ ಬರೀ ಹೊಗಳಿದ್ರೆ ನಾಳೆ ಜನ ಬಾಯಿಗೆ ಬಂದಹಾಗೆ ಮಾತಾಡ್ತಾರೆ. ಒಂಚೂರು ಉಪ್ಪು ಹಾಕಿಬಿಡಿ."

ಉಪ್ಪು ಹಾಕುವುದು ಎಂಬುದು ಆ ಪುಟದ ಹಳೆಯ ಪದ್ಧತಿ, ಅವನೇ ಶುರು ಮಾಡಿದ್ದು. ಯಾವ ಟಿಪ್ಪಣಿಯಾದರೂ ಕೊನೆಯಲ್ಲಿ ಒಂದು ಸಣ್ಣ ಕೊಂಕು ಇರಬೇಕು. ಇಲ್ಲವಾದರೆ ಓದುವವರು ಅದನ್ನು ಜಾಹೀರಾತು ಎಂದುಕೊಳ್ಳುತ್ತಾರೆ. ಎರಡು ಪಟ್ಟು ವೇಗದಲ್ಲಿ ನೋಡುವವನಿಗೆ ಕೊಂಕು ಹುಡುಕುವುದು ಕಷ್ಟವಲ್ಲ. ಎಲ್ಲಿ ಹೆಬ್ಬೆರಳು ಇನ್ನಷ್ಟು ಓಡಿಸಲು ಹವಣಿಸುತ್ತದೆಯೋ ಅಲ್ಲಿ ತಪ್ಪು ಇದೆ ಎಂದು ಅರ್ಥ. ಬೆಳಿಗ್ಗೆ ಹಾಳೆ ಮಗುಚುವಾಗ ಬೆರಳು ಎಲ್ಲಿ ಹಾಗೆ ಮಾಡಿತು ಎಂದು ನೆನಪಿಸಿಕೊಂಡ. ಸಿಕ್ಕಿತು. ಬರೆದ: 'ಒಂದು ಬೆಕ್ಕಿನ ಕಣ್ಣಿನಲ್ಲಿ ಒಂದು ಮನೆಯ ಕೆಲವು ವರ್ಷಗಳು. ಗೆರೆಗಳಲ್ಲಿ ಹಿಡಿತವಿದೆ, ನಗೆಯಿದೆ. ಅಮ್ಮನ ಪಾತ್ರ ಮನಸ್ಸಿನಲ್ಲಿ ಉಳಿಯುತ್ತದೆ. ಆದರೆ ಮುಚ್ಚಿದ ಬಾಗಿಲಿನ ಅದೇ ಖಾಲಿ ಚೌಕ ಪದೇಪದೇ ಬಂದು ಓಟಕ್ಕೆ ಅಡ್ಡಿಯಾಗುತ್ತದೆ. ಅವನ್ನು ಕೈಬಿಟ್ಟಿದ್ದರೆ ಪುಸ್ತಕ ಇನ್ನಷ್ಟು ಹಗುರವಾಗುತ್ತಿತ್ತು.' ಓದಿ ನೋಡಿದ. ಅಪ್ಪ ಬರೆದದ್ದು ಎಂದು ಯಾರೂ ಹೇಳುವಂತಿರಲಿಲ್ಲ. ನಿಷ್ಪಕ್ಷಪಾತಿ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು, ಪುಸ್ತಕದಲ್ಲಿ ತಾನಿಲ್ಲದ ಸಿಟ್ಟು ಆ ಉಪ್ಪಿನಲ್ಲಿ ಒಂದಿಷ್ಟು ಸೇರಿದ್ದು ಅವನಿಗೆ ಗೊತ್ತಾಗಲಿಲ್ಲ ಎಂದರೆ ಸುಳ್ಳಾದೀತು. "ಕಳಿಸಲಾ ಸರ್?" ಎಂದಳು ಹುಡುಗಿ. "ಕಳಿಸು," ಎಂದ.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೆಂಡತಿ ಹಾಲಿನಲ್ಲಿ ನೆಲದ ಮೇಲೆ ಕೂತು ಮಗಳ ಹಾಸಿಗೆಗೆ ಹೊದಿಕೆ ಮಡಚುತ್ತಿದ್ದಳು. ಮಡಿಕೆಯನ್ನು ಅಂಗೈಯಿಂದ ಒಮ್ಮೆ ಒತ್ತಿ, ಇನ್ನೊಮ್ಮೆ ಮಡಚಿ, ಇನ್ನೊಮ್ಮೆ ಒತ್ತಿ. ಅವನು ಚಪ್ಪಲಿ ಬಿಡುತ್ತ, ಕೇಳದಿದ್ದರೂ, "ಓದಿ ಮುಗಿಸಿದೆ," ಎಂದ. "ಚೆನ್ನಾಗಿದೆ. ನಿನ್ನನ್ನ ಚೆನ್ನಾಗಿ ಮಾಡಿದಾಳೆ."

"ನಂದು ಬಿಡಿ, ನಾನು ಎಲ್ಲ ಕಡೆ ಬೈತಾನೇ ಇದೀನಿ," ಎಂದು ನಕ್ಕಳು ಅವಳು. ಆಮೇಲೆ, ಮಡಿಕೆ ಒತ್ತುತ್ತ, ದನಿ ತಗ್ಗಿಸಿ, "ನಿಮ್ಮದು ನೋಡಿ ನನಗೆ ಒಂಥರಾ ಆಯ್ತು ರೀ. ನಿಮಗೆ ಬೇಜಾರಾಗತ್ತೇನೋ ಅಂತ ಇಷ್ಟು ದಿನ ನಾನೇ ಆ ಮಾತು ಎತ್ತಲಿಲ್ಲ," ಎಂದಳು.

"ನಂದಾ? ನಾನೆಲ್ಲಿದೀನಿ ಅದರಲ್ಲಿ?"

ಅವಳು ಕೈ ನಿಲ್ಲಿಸಿ ಅವನನ್ನು ನೋಡಿದಳು. ತಮಾಷೆ ಮಾಡುತ್ತಿದ್ದಾನೆಯೇ ಎಂದು ಒಂದು ಕ್ಷಣ, ಮಾಡುತ್ತಿಲ್ಲ ಎಂದು ಗೊತ್ತಾದ ಮೇಲೆ ಇನ್ನೊಂದು ಕ್ಷಣ. "ಆ ಬಾಗಿಲು ರೀ," ಎಂದಳು. "ನಿಮ್ಮ ರೂಮಿಂದು."

ಅವನು ತಿರುಗಿ ನೋಡಿದ. ಹಾಲಿನ ಕೊನೆಯಲ್ಲಿ ಅವನ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ದಿನಕ್ಕೆ ಎಷ್ಟೋ ಸಲ ಅವನು ಅದನ್ನು ಹಾದು ಹೋಗಿದ್ದ. ಅದನ್ನು ಹೊರಗಿನಿಂದ ಮುಚ್ಚಿದ್ದು ಹೇಗಿರುತ್ತದೆ ಎಂದು ನೋಡುವ ಪ್ರಸಂಗವೇ ಬಂದಿರಲಿಲ್ಲ. ಮುಚ್ಚಿದ್ದಾಗ ಅವನು ಯಾವಾಗಲೂ ಒಳಗಿರುತ್ತಿದ್ದ. ಹತ್ತಿರ ಹೋಗಿ ಎಳೆದು ಮುಚ್ಚಿದ. ಬಣ್ಣ ಮಾಸಿದ ಹಲಗೆ, ಹಿಡಿಕೆಯ ಸುತ್ತ ಕೈಯ ಕಲೆ. ಕೆಳಗೆ, ಅವನ ಮೊಣಕಾಲಿಗಿಂತಲೂ ಕೆಳಗೆ, ಗೀರುಗಳಿದ್ದವು. ಒಂದರ ಮೇಲೊಂದು, ಹಲಗೆಯ ಬಣ್ಣ ಹೋಗಿ ಮರ ಕಾಣುವಷ್ಟು. ಅವನು ಕುಕ್ಕರುಗಾಲಿನಲ್ಲಿ ಕೂತು ಬೆರಳಾಡಿಸಿದ. ಉಗುರಿನ ಗೀರುಗಳು. ಒಂದು ಸಂಜೆಯದಲ್ಲ, ಒಂದು ವರ್ಷದ್ದೂ ಅಲ್ಲ.

"ಇದನ್ನ ಸಾಹೇಬರು ಯಾವಾಗ ಮಾಡಿದ್ದು?"

"ಯಾವಾಗ ಏನು ಬಂತು, ದಿನಾ ಮಾಡೋದು. ನೀವು ಬಾಗಿಲು ಹಾಕ್ಕೊಂಡ ಕೂಡಲೇ ಬಂದು ಕೂರೋದು. ಕೆರೆಯೋದು, ಸುಮ್ಮನಾಗೋದು, ಮತ್ತೆ ಕೆರೆಯೋದು. ಇವಳು ಹೋಗಿ ಎತ್ಕೊಂಡು ಬರೋಳು. ಕೆಲವು ಸಲ ಇವಳೂ ಅವರ ಪಕ್ಕ ಕೂತುಬಿಡೋಳು. ನೀವು ಕಿವಿಗೆ ಹೆಡ್‌ಫೋನು ಹಾಕ್ಕೊಂಡಿರ್ತಿದ್ರಲ್ಲ, ನಿಮಗೆಲ್ಲಿ ಕೇಳಬೇಕು. ಕರೀಬೇಡ, ಅಪ್ಪನಿಗೆ ಕೆಲಸ ಇದೆ ಅಂತ ನಾನೇ ಹೇಳ್ತಿದ್ದೆ." ಸ್ವಲ್ಪ ತಡೆದು, "ನಾನು ಹಾಗೆ ಹೇಳಬಾರದಿತ್ತೇನೋ," ಎಂದಳು.

ಅವನು ಒಳಗೆ ಹೋಗಿ ಪುಸ್ತಕ ತಂದ. ಅದೇ ಬಾಗಿಲಿನ ಹೊರಗೆ, ನೆಲದ ಮೇಲೆ, ಗೋಡೆಗೆ ಒರಗಿ ಕೂತ. ಮೊದಲ ಬಾಗಿಲಿನ ಚೌಕದಲ್ಲಿ ಹಲಗೆ ನುಣ್ಣಗಿತ್ತು. ಎರಡನೆಯದರಲ್ಲಿ ಒಂದೇ ಒಂದು ಗೀರು, ಕೂದಲಿನಷ್ಟು ತೆಳ್ಳಗೆ. ಮುಂದಿನದರಲ್ಲಿ ಅದರ ಪಕ್ಕ ಇನ್ನೊಂದು. ಅವನು ಒಂದೊಂದಾಗಿ ನೋಡುತ್ತ ಹೋದ. ಅದೇ ಚೌಕ ಎಂದು ಬರೆದಿದ್ದನಲ್ಲ, ಯಾವ ಎರಡೂ ಒಂದೇ ಆಗಿರಲಿಲ್ಲ. ಗೀರುಗಳು ಹೆಚ್ಚುತ್ತಿದ್ದವು, ಬೆಕ್ಕು ದಪ್ಪವಾಗಿ ಆಮೇಲೆ ಇಳಿದು ಹೋಗುತ್ತಿತ್ತು, ಒಂದು ಚೌಕದಲ್ಲಿ ಅದರ ಪಕ್ಕ ಒಂದು ಪುಟ್ಟ ಕಾಲು ಕಾಣುತ್ತಿತ್ತು, ಇನ್ನೊಂದರಲ್ಲಿ ಅದೇ ಕಾಲಿಗೆ ಶಾಲೆಯ ಬೂಟು. ಕೆಳಗಿನ ಹಳದಿ ಗೆರೆ ಮಾತ್ರ ಎಲ್ಲದರಲ್ಲೂ ಇತ್ತು. ಇಡೀ ಪುಸ್ತಕದಲ್ಲಿ ಅವಳು ಬಣ್ಣ ಹಾಕಿದ್ದು ಅವನಿಗೊಬ್ಬನಿಗೇ. ಕೊನೆಯ ಬಾಗಿಲಿನ ಮುಂದೆ ಬೆಕ್ಕು ಇರಲಿಲ್ಲ. ಗೀರುಗಳಿದ್ದವು, ಬೆಳಕಿತ್ತು. ಅವನು ಆ ಹಾಳೆಯ ಮೇಲೆ ಕೈಯಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದ. ಹೆಬ್ಬೆರಳು ಸುಮ್ಮನಿದೆ ಎಂಬುದು ಕೂಡ ಅವನ ಗಮನಕ್ಕೆ ಬರಲಿಲ್ಲ.

ಗಮನಕ್ಕೆ ಬಂದದ್ದು ಪುಟ. ಎದ್ದು ಅಡುಗೆಮನೆಯ ಹಿಂದಿನ ಬಾಲ್ಕನಿಗೆ ಹೋಗಿ ಕಚೇರಿಗೆ ಫೋನು ಹಚ್ಚಿದ. ಪುಟ ಕಟ್ಟುವ ಹುಡುಗಿ ಏನನ್ನೋ ಅಗಿಯುತ್ತಿದ್ದಳು.

"ಕಾಮಿಕ್ಸ್ ಕಾಲಮಿನಲ್ಲಿ ಕೊನೇ ಎರಡು ಸಾಲು ತೆಗೀಬೇಕು."

"ಯಾವುದರಲ್ಲಿ, ನಾಳೇದರಲ್ಲಾ? ಸರ್, ಪುರವಣಿ ಆಗಲೇ ಪ್ರಿಂಟಾಗಿ ಬಂಡಲ್ ಕಟ್ಟಿ ಆಯ್ತು. ಲಾರಿ ಹೊರಟಿರಬೇಕು." ಅಗಿಯುವುದು ನಿಂತಿತು. "ಏನಾದ್ರೂ ತಪ್ಪು ಹೋಗಿದ್ಯಾ ಸರ್? ತಿದ್ದುಪಡಿ ಬೇಕಾದ್ರೆ ಮುಂದಿನ ಶುಕ್ರವಾರ ಹಾಕಬಹುದು."

ಏನೆಂದು ತಿದ್ದುವುದು? 'ಹೋದ ವಾರದ ಟಿಪ್ಪಣಿಯಲ್ಲಿ ಖಾಲಿ ಎನ್ನಲಾದ ಚೌಕಗಳಲ್ಲಿ ಟಿಪ್ಪಣಿಕಾರ ಇದ್ದನೆಂದು ತಿಳಿದುಬಂದಿದೆ, ವಿಷಾದಿಸುತ್ತೇವೆ.' ನಗು ಬರುವಂತಿತ್ತು, ಬರಲಿಲ್ಲ. "ತಪ್ಪೇನಿಲ್ಲ," ಎಂದು ಫೋನು ಇಟ್ಟ. ಕೆಳಗೆ ಬೀದಿಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಮಗಳು ಬರುತ್ತಿದ್ದಳು, ಯಾವ ಅವಸರವೂ ಇಲ್ಲದೆ, ಯಾರದೋ ಕಾಂಪೌಂಡಿನ ಮೇಲೆ ಏನನ್ನೋ ನೋಡಲು ನಿಂತು, ಮತ್ತೆ ನಡೆದು.

ಅವಳು ಚೀಲ ಇಳಿಸಿ, ಅಮ್ಮನ ಕೈಯಿಂದ ನೀರು ಕುಡಿದು, ಸೋಫಾದಲ್ಲಿ ಕಾಲು ಮಡಚಿ ಕೂತು ಕೇಳಿಯೇಬಿಟ್ಟಳು. "ಓದಿದ್ಯಾ ಅಪ್ಪ?"

"ಓದಿದೆ," ಎಂದ ಅವನು. ಮುಖ ತಿರುಗಿಸಲಿಲ್ಲ. ನಿಜವೇ ಆಗಿತ್ತು, ಬೆಳಿಗ್ಗೆಯಿಂದ ಅವನಿಗೆ ಬೇಕಾಗಿದ್ದುದು ಇದೇ ಆಗಿತ್ತು. "ನಿಧಾನವಾಗಿ ಓದಿದೆ ಮರಿ. ನಾನು ಅದರ ಬಗ್ಗೆ..."

"ಹೇಳಬೇಡ," ಎಂದು ಅವಳು ಎರಡೂ ಕಿವಿ ಮುಚ್ಚಿಕೊಂಡಳು. ಖುಷಿಯಿಂದ ಮುಖ ಕೆಂಪಾಗಿತ್ತು. "ಏನೂ ಹೇಳಬೇಡ. ನಾಳೆ ಪೇಪರ್ ಬಂದ ಮೇಲೆ ನಾನೇ ಓದ್ಕೋತೀನಿ. ಎಲ್ಲರ ಹಾಗೆ."

"ಇಲ್ಲ, ಕೇಳು ಇಲ್ಲಿ..."

"ಅಪ್ಪ, ಪ್ಲೀಸ್. ಚಿಕ್ಕವಳಿದ್ದಾಗಿಂದ ಆ ಪುಟದಲ್ಲಿ ಎಲ್ಲರ ಹೆಸರೂ ಬರೋದು ನೋಡಿದೀನಿ. ನನ್ನದು ಹೇಗೆ ಬಂದಿದೆ ಅಂತ ನಾನೇ ನೋಡಬೇಕು."

ಹೆಂಡತಿ ಅವನ ಕಡೆ ನೋಡಿದಳು. ಅವಳಿಗೆ ಟಿಪ್ಪಣಿಯ ವಿಷಯ ಗೊತ್ತಿರಲಿಲ್ಲ, ಅವನ ಮುಖ ಗೊತ್ತಿತ್ತು. ಊಟಕ್ಕೆ ಕೂತಾಗ ಮೂರು ಸಲ ಅವನು ಮಾತು ಎತ್ತಲು ನೋಡಿದ. ಒಂದು ಸಲ ಅವಳು ಪ್ರಕಾಶಕರು ಹೇಳಿದ್ದೇನನ್ನೋ ಹೇಳುತ್ತ ನಗುತ್ತಿದ್ದಳು, ಒಂದು ಸಲ ಬಾಯಿ ತುಂಬ ತುತ್ತಿತ್ತು, ಒಂದು ಸಲ ಏನೂ ಇರಲಿಲ್ಲ, ಅವನಿಗೇ ಧೈರ್ಯ ಸಾಲಲಿಲ್ಲ. ಅವಳು ನಿಧಾನವಾಗಿ ಮಾತನಾಡುತ್ತಿದ್ದಳು, ಅಮ್ಮನ ಹಾಗೆ, ಎಲ್ಲವನ್ನೂ ಅದರದರ ಜಾಗದಲ್ಲಿಟ್ಟು. ಈ ಮಾತು ಮುಗಿಯದೇ ಇರಲಿ, ನಾಳೆ ಎಂಬುದು ಎಷ್ಟು ತಡವಾಗಿ ಬಂದರೆ ಅಷ್ಟು ಒಳ್ಳೆಯದು ಎಂದು ಅವನು ಮನಸ್ಸಿನಲ್ಲೇ ಬೇಡಿಕೊಂಡ. ನಾಳೆ ಮಾತ್ರ ಎಂದಿನ ವೇಗದಲ್ಲೇ ಬಂತು.

ಬೆಳಿಗ್ಗೆ ಅವನು ಹಲ್ಲುಜ್ಜಿ ಬರುವಷ್ಟರಲ್ಲಿ ಪತ್ರಿಕೆ ಅವಳ ಕೈಯಲ್ಲಿತ್ತು. ಮೇಜಿನ ಮೇಲೆ ಪುರವಣಿಯನ್ನು ಹರಡಿ, ಎರಡೂ ಮೊಣಕೈ ಊರಿ, ಮೇಲಿನಿಂದ ಓದುತ್ತಿದ್ದಳು. ಸೀದಾ ತನ್ನದಕ್ಕೆ ಹೋಗಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡ ವಕೀಲರನ್ನು ಓದಿದಳು, ಅವಳಿ ಅತ್ತೆಯರನ್ನು ಓದಿದಳು. ಗಾಯಕಿಯ ಆಲ್ಬಮ್ಮಿಗೆ ಬಂದು, "ಆಪ್ತ ಇವರಿಗೆ ಸಿಕ್ತಾ ಈ ವಾರ," ಎಂದು ನಕ್ಕಳು. ಅವನು ಎದುರಿನ ಕುರ್ಚಿಯಲ್ಲಿ ಕೂತ. ಅವಳ ಕಣ್ಣು ಮೂರನೇ ಕಾಲಮಿಗೆ ಬಂದದ್ದು, ಇಳಿದದ್ದು, ನಿಂತದ್ದು, ಎಲ್ಲವನ್ನೂ ನೋಡಿದ. ಓದಿ ಮುಗಿದ ಮೇಲೂ ಅವಳು ತಲೆ ಎತ್ತಲಿಲ್ಲ. ಒಂದು ಬೆರಳಿನಿಂದ ಕೊನೆಯ ಸಾಲಿನ ಕೆಳಗೆ ಮೆಲ್ಲಗೆ ಎಳೆಯುತ್ತಿದ್ದಳು, ಅಲ್ಲಿ ಏನೋ ಅಂಟಿಕೊಂಡಿದೆ ಎಂಬಂತೆ.

"ಮರಿ," ಎಂದ ಅವನು. "ಅದನ್ನ ಬರೆಯುವಾಗ ನಾನು ಇನ್ನೂ ಸರಿಯಾಗಿ ನೋಡಿರಲಿಲ್ಲ. ಆಮೇಲೆ ನೋಡಿದೆ. ಸಾಯಂಕಾಲ. ಗೀರೆಲ್ಲ ನೋಡಿದೆ."

"ಹೂಂ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. "ಪರವಾಗಿಲ್ಲ ಅಪ್ಪ. ಬರೆದದ್ದರಲ್ಲಿ ತಪ್ಪೇನಿಲ್ಲ. ಪ್ರಕಾಶಕರೂ ಇದನ್ನೇ ಹೇಳಿದ್ರು, ಆ ಬಾಗಿಲು ಜಾಸ್ತಿ ಆಯ್ತು ಅಂತ. ನಾನೇ ಹಟ ಮಾಡಿ ಇಟ್ಕೊಂಡಿದ್ದೆ. ಮುಂದಿನ ಮುದ್ರಣದಲ್ಲಿ ತೆಗೆದುಬಿಡ್ತೀನಿ."

"ಬೇಡ. ತೆಗೀಬೇಡ."

"ಇಲ್ಲ, ಈಗ ಅದಿಲ್ಲದೆ ಒಂದ್ಸಲ ಓದ್ಕೊಂಡೆ, ಮನಸ್ಸಲ್ಲೇ." ಅವಳು ಪುರವಣಿಯನ್ನು ಮಡಚಿದಳು, ಮಡಿಕೆಯನ್ನು ಅಂಗೈಯಿಂದ ಒತ್ತಿದಳು, ಇನ್ನೊಮ್ಮೆ ಮಡಚಿದಳು. "ಚೆನ್ನಾಗೇ ಇದೆ. ಬೆಕ್ಕು ಸೋಫಾದಿಂದ ಇಳಿದು ಸೀದಾ ಅಡುಗೆಮನೆಗೆ ಹೋಗತ್ತೆ. ಎಲ್ಲೂ ಕಾಯಲ್ಲ. ಅದಕ್ಕೂ ಒಳ್ಳೇದೇ."